ಸೋಪು ಬದಲಿಸುವ ಮೊದಲು ನೀರನ್ನು ನೋಡಿ

ಪ್ರಶ್ನೆ: ನಾವು ಕೊಪ್ಪಳ ತಾಲ್ಲೂಕಿನ ಹಳ್ಳಿಯವರು. ಮನೆಗೆ ಬೋರ್‌ವೆಲ್ ನೀರು ಬರುತ್ತದೆ. ಒಂದೂವರೆ ವರ್ಷದ ಮಗನ ಕುತ್ತಿಗೆಯಲ್ಲಿ, ತೊಡೆಯ ಸಂದಿನಲ್ಲಿ ಕೆಂಪು ಗಂಧೆ ಏಳುತ್ತಿತ್ತು. ಬಟ್ಟೆ ಒಗೆಯುವ ಪುಡಿ ಬದಲಿಸಿ ನೋಡಿ ಎಂದು ವೈದ್ಯರು ಹೇಳಿದರು. ಅಂದಿನಿಂದ ಅಂಟವಾಳದ ಕಾಯಿಯನ್ನು ಸಣ್ಣ ಚೀಲದಲ್ಲಿ ಕಟ್ಟಿ ಯಂತ್ರಕ್ಕೆ ಹಾಕುತ್ತಿದ್ದೇನೆ. ಗಂಧೆ ಸ್ವಲ್ಪ ಕಡಿಮೆಯಾಗಿದೆ. ಆದರೆ ಬಿಳಿ ಬಟ್ಟೆ ಮಂಕಾಗಿದೆ, ಟವೆಲ್ ಬಿರುಸಾಗಿದೆ, ಒಂದು ಬಗೆಯ ಮುಗ್ಗಲು ವಾಸನೆ ಬರುತ್ತಿದೆ. ನಮ್ಮ ಯಜಮಾನರು ಗಿಣಿಗೇರಾ ಕಡೆಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವರ ಬಟ್ಟೆಯ ಕಪ್ಪು ಹೋಗುವುದೇ ಇಲ್ಲ. ಅಡುಗೆ ಸೋಡಾ, ವಿನೆಗರ್ ಎರಡನ್ನೂ ಕೂಡಿಸಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ, ನಿಜವೇ? ಅತ್ತೆಯವರ ಇಳಕಲ್ ಸೀರೆಯನ್ನು ಅಂಟವಾಳದಲ್ಲಿ ಒಗೆಯಬಹುದೇ? ಒಗೆದ ನೀರನ್ನು ಹಿತ್ತಲಿನ ಗಿಡಗಳಿಗೆ ಬಿಡಬಹುದೇ? ನಾದಿನಿ ಹೆರಿಗೆಗೆ ಬರುತ್ತಿದ್ದಾಳೆ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿರುವ ಮಗುವಿನ ಹಳೆಯ ಬಟ್ಟೆಗಳನ್ನೂ ಒಗೆಯಬೇಕಾಗಿದೆ.

ಉತ್ತರ: ಮಗನ ಗಂಧೆ ಕಡಿಮೆಯಾಗಿದೆ ಎಂದಿರಿ. ಹಾಗಿದ್ದರೆ ನೀವು ಹಿಡಿದ ದಾರಿ ಸರಿಯಾಗಿಯೇ ಇದೆ, ಬಿಡಬೇಡಿ. ಉಳಿದ ತೊಂದರೆಗಳಲ್ಲಿ ಮುಕ್ಕಾಲು ಪಾಲು ನಿಮ್ಮ ನೀರಿನಿಂದ ಬಂದದ್ದು. ಬಳ್ಳಾರಿಯ ಜೀನ್ಸ್ ಉಡುಪಿನ ಘಟಕಗಳಿಗೆ ನೀರಿನ ಪರೀಕ್ಷೆ ಮಾಡಿಕೊಡುವ ಕೆಲಸದಲ್ಲಿ ಬಹಳ ಕಾಲ ಇದ್ದವನು ನಾನು. ಅಲ್ಲಿ ಹೊಸ ರಾಸಾಯನಿಕವನ್ನು ತೊಟ್ಟಿಗೆ ಹಾಕುವ ಮೊದಲು ನೀರಿನ ಗಡಸುತನ ಎಷ್ಟು ಎಂದು ಕೇಳುತ್ತಾರೆ. ಮನೆಯಲ್ಲಿ ಯಾರೂ ಕೇಳುವುದಿಲ್ಲ. ಪುಡಿ ಬದಲಿಸುತ್ತಾರೆ, ಕಾಯಿ ಬದಲಿಸುತ್ತಾರೆ, ಕೊನೆಗೆ ಬೇಸತ್ತು ಹಳೆಯ ಪುಡಿಗೇ ಮರಳುತ್ತಾರೆ.

ಕೊಪ್ಪಳ, ಬಳ್ಳಾರಿ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಮಳೆ ಕಡಿಮೆ, ಬೋರ್‌ವೆಲ್ ಆಳ. ಕಲ್ಲಿನ ಸಂದುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಇದೇ ಗಡಸು ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಹೇಳುವ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ತುಂಗಭದ್ರೆಯ ನದಿ ನೀರು, ಕಾಲುವೆ ನೀರು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಮೆದು. ಹಾಗಾಗಿ ಕಾಲುವೆಯ ಊರಿನವರಿಗೆ ಒಪ್ಪಿದ ವಿಧಾನ ಬೋರ್‌ವೆಲ್ ಊರಿನ ನಿಮಗೆ ಒಪ್ಪದೆ ಹೋಗಬಹುದು.

ಗಡಸು ನೀರಿನಲ್ಲಿ ಸೋಪು ಹಾಕಿದಾಗ ನೊರೆಯ ಬದಲು ಮೊಸರಿನಂತಹ ಕಣ ಏಳುತ್ತದೆ. ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ನೀರಿನಲ್ಲಿ ಕರಗದ ವಸ್ತುವಾಗುತ್ತದೆ. ಅದು ನೂಲಿನ ಎಳೆಗಳ ನಡುವೆ ಕೂರುತ್ತದೆ, ಕೊಳೆಯನ್ನೂ ಪುಡಿಯ ಉಳಿಕೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಗುವಿನ ಕುತ್ತಿಗೆಯ ಮಡಿಕೆಯಲ್ಲಿ ಬೆವರು ಬಂದಾಗ ಆ ಉಳಿಕೆ ಮತ್ತೆ ಕರಗಿ ಚರ್ಮವನ್ನು ಕೆರಳಿಸುತ್ತದೆ. ವೈದ್ಯರು ಪುಡಿ ಬದಲಿಸಿ ಎಂದದ್ದು ಇದಕ್ಕೆ. ಪುಡಿಯಲ್ಲಿನ ಸುಗಂಧದ್ರವ್ಯವೂ ಹಲವು ಮಕ್ಕಳಿಗೆ ಆಗುವುದಿಲ್ಲ. ಆದರೆ ಪುಡಿ ಯಾವುದೇ ಇರಲಿ, ಸರಿಯಾಗಿ ಜಾಲಿಸದೆ ಉಳಿದರೆ ಕೆಡುಕೇ. ಮಗುವಿನ ಬಟ್ಟೆಯನ್ನು ಈಗಿನದಕ್ಕಿಂತ ಒಂದು ನೀರು ಹೆಚ್ಚು ಜಾಲಿಸಿ. ಇಷ್ಟು ಮಾಡಿದರೇ ಎಷ್ಟೋ ಮನೆಗಳಲ್ಲಿ ಗಂಧೆ ಇಳಿಯುತ್ತದೆ. ಹೀಗೆ ಮಾಡಿಯೂ ಗಂಧೆ ಉಳಿದರೆ, ನೀರಾಡಿದರೆ, ಚರ್ಮ ಬಿರುಕು ಬಿಟ್ಟರೆ ಚರ್ಮ ವೈದ್ಯರಿಗೇ ತೋರಿಸಿ. ಅದು ಒಗೆತದಿಂದ ಗುಣವಾಗುವ ಕಾಯಿಲೆ ಆಗಿರಲಾರದು.

ನಿಮ್ಮ ನೀರು ಎಷ್ಟು ಗಡಸು ಎಂದು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ಒಂದೇ ಅಳತೆಯ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಶುದ್ಧ ನೀರಿನ ಘಟಕದಿಂದ ತಂದ ನೀರು, ಇನ್ನೊಂದರಲ್ಲಿ ನಲ್ಲಿ ನೀರು ಅರ್ಧದಷ್ಟು ತುಂಬಿ. ಮೈಗೆ ಹಚ್ಚುವ ಸೋಪನ್ನು ಹೆರೆದು ಎರಡಕ್ಕೂ ಒಂದೇ ಅಳತೆಯಲ್ಲಿ ಹಾಕಿ ಚೆನ್ನಾಗಿ ಕುಲುಕಿ. ಮೊದಲನೆಯದರಲ್ಲಿ ನೊರೆ ನಿಲ್ಲುತ್ತದೆ. ಎರಡನೆಯದರಲ್ಲಿ ನೊರೆ ಇಲ್ಲದೆ ನೀರು ಹಾಲಿನಂತೆ ಬೆಳ್ಳಗಾದರೆ ನಿಮ್ಮದು ಗಡಸು ನೀರು. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿಯಿಂದ ಈ ಪರೀಕ್ಷೆ ಮಾಡಬೇಡಿ. ಅದು ಗಡಸು ನೀರಿನಲ್ಲೂ ನೊರೆ ಕೊಡುವಂತೆ ತಯಾರಾದದ್ದು. ಖಚಿತ ಅಂಕಿ ಬೇಕೆಂದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಡಿದೆ. ಗಡಸುತನವೂ ಆ ಪರೀಕ್ಷೆಗಳಲ್ಲಿ ಒಂದು.

ಗಡಸು ಎಂದು ಗೊತ್ತಾದ ಮೇಲೆ ಅತಿ ಅಗ್ಗದ ಮದ್ದು ಒಗೆಯುವ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಇದು ಅಡುಗೆ ಸೋಡಾ ಅಲ್ಲ, ದಯವಿಟ್ಟು ಎರಡನ್ನೂ ಒಂದೇ ಎಂದು ತಿಳಿಯಬೇಡಿ. ಅಡುಗೆ ಸೋಡಾ ತೀರ ಸೌಮ್ಯವಾದ ಕ್ಷಾರ, ನೀರನ್ನು ಮೆದು ಮಾಡುವ ಶಕ್ತಿ ಅದಕ್ಕೆ ಅಷ್ಟಾಗಿ ಇಲ್ಲ. ಒಗೆಯುವ ಸೋಡಾ ನೀರಿನ ಕ್ಯಾಲ್ಸಿಯಂ ಅನ್ನು ಸುಣ್ಣದ ಕಲ್ಲಿನ ಪುಡಿಯಾಗಿ ಕೆಳಗೆ ಕೂರಿಸಿಬಿಡುತ್ತದೆ. ಲೆಕ್ಕ ಹೀಗಿದೆ: ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇದ್ದರೆ 20 ಲೀಟರಿನ ಬಕೆಟ್‌ನಲ್ಲಿ ಒಟ್ಟು 10 ಗ್ರಾಂ ಆಯಿತು. ಅದನ್ನು ಇಳಿಸಲು ಒಣ ಪುಡಿ ಸೋಡಾ ಸುಮಾರು 10ರಿಂದ 11 ಗ್ರಾಂ, ಎಂದರೆ ಎರಡು ಮೂರು ಟೀ ಚಮಚ ಸಾಕು. ಗಾಜಿನಂತೆ ಹರಳು ಹರಳಾಗಿ ಸಿಗುವ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದೇ ಆಗಿರುವುದರಿಂದ ಅದು 28 ಗ್ರಾಂನಷ್ಟು ಬೇಕಾಗುತ್ತದೆ.

ಆದರೆ ಸೋಡಾವನ್ನು ಬಟ್ಟೆಯ ಮೇಲೇ ಸುರಿಯುವುದು ಬೇಡ. ಹಾಗೆ ಮಾಡಿದರೆ ಇಳಿದ ಸುಣ್ಣ ಬಟ್ಟೆಯಲ್ಲೇ ಕೂರುತ್ತದೆ, ಟವೆಲ್ ಇನ್ನಷ್ಟು ಬಿರುಸಾಗುತ್ತದೆ. ರಾತ್ರಿಯೇ ಬಕೆಟ್ ನೀರಿಗೆ ಸೋಡಾ ಕಲಸಿ ಮುಚ್ಚಿಡಿ. ಬೆಳಿಗ್ಗೆ ತಳದಲ್ಲಿ ಬಿಳಿ ಗಸಿ ನಿಂತಿರುತ್ತದೆ. ಕದಡದಂತೆ ಮೇಲಿನ ತಿಳಿ ನೀರನ್ನಷ್ಟೇ ಯಂತ್ರಕ್ಕೆ ಹಾಕಿ. ಸೋಡಾ ಕೈಗೆ ಉರಿ ಕೊಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಡಬ್ಬಿಯನ್ನೂ ನೆನೆಸಿಟ್ಟ ಬಕೆಟ್ಟನ್ನೂ ಮಗುವಿನ ಕೈಗೆ ಎಟುಕದ ಕಡೆ ಇಡಿ. ಒಂದೂವರೆ ವರ್ಷದ ಮಗುವಿರುವ ಮನೆಯಲ್ಲಿ ತುಂಬಿದ ಬಕೆಟ್ ಕೂಡ ಅಪಾಯವೇ, ಮುಚ್ಚಳ ಭದ್ರವಾಗಿರಲಿ.

ಇದಕ್ಕಿಂತ ಒಳ್ಳೆಯ ನೀರು ಆಕಾಶದಿಂದ ಬರುತ್ತದೆ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರಿನ ಮಾಳಿಗೆಗೆ 20 ಮಿಲಿಮೀಟರ್ ಮಳೆ ಬಂದರೆ ಸಾವಿರ ಲೀಟರಿನ ಹತ್ತಿರ ಬರುತ್ತದೆ. ನಿಮ್ಮ ಕಡೆ ಕಾರ್ಖಾನೆಯ ದೂಳು ಇರುವುದರಿಂದ ಮೊದಲ ಸುತ್ತಿನ ನೀರನ್ನು ಹರಿಯಬಿಟ್ಟು ಆಮೇಲಿನದನ್ನು ಡ್ರಮ್ಮಿಗೆ ಹಿಡಿಯಿರಿ. ಅದನ್ನು ಮಗುವಿನ ಬಟ್ಟೆಗೇ ಮೀಸಲಿಡಿ.

ಈಗ ಅಂಟವಾಳ. ಅದರ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆ ಕೊಡುವ ಅಂಶವಿದೆ. ಅದು ಸೋಪಿನಂತೆ ಗಡಸು ನೀರಿನಲ್ಲಿ ಮೊಸರಾಗುವುದಿಲ್ಲ. ಇದು ಅದರ ದೊಡ್ಡ ಗುಣ. ಆದರೆ ಬಟ್ಟೆಯಲ್ಲಿ ಮೊದಲೇ ಕೂತಿರುವ ಸುಣ್ಣವನ್ನಾಗಲಿ, ಹಳೆಯ ಪುಡಿಯ ಪದರವನ್ನಾಗಲಿ ತೆಗೆಯುವ ಶಕ್ತಿ ಅದಕ್ಕಿಲ್ಲ. ನಿಮ್ಮ ಟವೆಲ್ ಬಿರುಸಾಗಿರುವುದು ಇದರಿಂದಲೇ. ಚೀಲದಲ್ಲಿ ಕಟ್ಟಿ ಯಂತ್ರಕ್ಕೆ ಹಾಕುವ ವಿಧಾನ ಬೇರೆ ದೇಶದ ಬಿಸಿನೀರಿನ ಯಂತ್ರಗಳಿಗೆ ತಕ್ಕದ್ದು. ನಿಮ್ಮ ಯಂತ್ರದ ಹತ್ತು ಹದಿನೈದು ನಿಮಿಷದ ತಣ್ಣೀರಿನ ಸುತ್ತಿನಲ್ಲಿ ಸತ್ವ ಸರಿಯಾಗಿ ಬಿಡುವುದೇ ಇಲ್ಲ. ಅದೇ ಚೀಲವನ್ನು ಹಸಿಯಾಗಿಯೇ ಇಟ್ಟು ಮತ್ತೆ ಮತ್ತೆ ಬಳಸಿದ್ದೀರೆಂದು ತೋರುತ್ತದೆ. ಅಂಟವಾಳದ ಸಿಪ್ಪೆಯಲ್ಲಿ ಸಕ್ಕರೆಯ ಅಂಶವೂ ಇದೆ, ಅದು ನಮ್ಮ ಸೆಕೆಗೆ ಬೇಗ ಹುಳಿಯುತ್ತದೆ. ಮುಗ್ಗಲು ವಾಸನೆ ಬಹುಶಃ ಅಲ್ಲಿಂದ ಬಂದದ್ದು.

ಹೀಗೆ ಮಾಡಿ. ಬೀಜ ತೆಗೆದ ಸಿಪ್ಪೆ ನೂರು ಗ್ರಾಂನಷ್ಟು ತೆಗೆದುಕೊಂಡು ಒಂದು ಲೀಟರ್ ಮೆದು ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಅದೇ ನೀರಿನಲ್ಲಿ ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಉಕ್ಕಿ ಬರುತ್ತದೆ, ಪಾತ್ರೆ ದೊಡ್ಡದಿರಲಿ. ಆರಿದ ಮೇಲೆ ಕೈಯಿಂದ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಸಿಪ್ಪೆಯ ಚೂರು ಬಟ್ಟೆಗೆ ಕಂದು ಕಲೆ ಮಾಡುತ್ತದೆ. ಒಂದು ಸುತ್ತಿಗೆ ನೂರೈವತ್ತು ಮಿಲಿಲೀಟರ್ ಹಾಕಿ ನೋಡಿ, ಬೇಕಾದರೆ ಹೆಚ್ಚಿಸಿ. ಬೇಸಿಗೆಯಲ್ಲಿ ಈ ರಸವನ್ನು ಎರಡು ದಿನಕ್ಕಿಂತ ಹೊರಗೆ ಇಡಬೇಡಿ. ಫ್ರಿಜ್‌ನಲ್ಲಿ ಇಡುವುದಾದರೆ ಬಾಟಲಿಯ ಮೇಲೆ ದೊಡ್ಡದಾಗಿ ಬರೆದಿಡಿ, ನೋಡಲು ಹುಣಸೆ ಪಾನಕದ ಹಾಗೆಯೇ ಇರುತ್ತದೆ. ಕಾಯಿ, ಬೀಜ, ರಸ ಮೂರನ್ನೂ ಮಗುವಿನಿಂದ ದೂರ ಇಡಿ. ಬಾಯಿಗೆ ಹೋದರೆ ವಾಂತಿ ಭೇದಿ ಆಗುತ್ತದೆ, ಕಣ್ಣಿಗೆ ಸಿಡಿದರೆ ಭಯಂಕರ ಉರಿ. ಗಿಡದಿಂದ ಬಂದ ಮಾತ್ರಕ್ಕೆ ವಿಷವಲ್ಲ ಎಂದು ನಂಬುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಸಪೋನಿನ್ ಇರುವ ಕಾಯಿಗಳನ್ನು ಅರೆದು ನೀರಿಗೆ ಹಾಕಿ ಮೀನಿನ ಮತಿ ತಪ್ಪಿಸಿ ಹಿಡಿಯುವ ರೂಢಿ ಎಷ್ಟೋ ಕಡೆ ಇದೆ. ಆದ್ದರಿಂದ ಈ ನೀರನ್ನು ಕೆರೆಗೆ, ಹಳ್ಳಕ್ಕೆ ಬಿಡಬೇಡಿ.

ಬಿಳಿ ಬಟ್ಟೆ ಮಂಕಾಯಿತೆಂದು ಕೊರಗಬೇಡಿ. ಮಾರುಕಟ್ಟೆಯ ಹೆಚ್ಚಿನ ಪುಡಿಗಳಲ್ಲಿ ಬೆಳಗುವ ಬಣ್ಣಗಳಿರುತ್ತವೆ. ಅವು ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತವೆ, ಹಳದಿ ಮರೆಯಾಗಿ ಬಟ್ಟೆ ಹೊಳೆಯುತ್ತದೆ. ಕೊಳೆಗೂ ಆ ಹೊಳಪಿಗೂ ಸಂಬಂಧವಿಲ್ಲ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ಯಾರ ಬಳಿಯಾದರೂ ಇದ್ದರೆ ಕತ್ತಲೆಯಲ್ಲಿ ಮಗನ ಅಂಗಿಯ ಮೇಲೆ ಹಿಡಿದು ನೋಡಿ. ನೀಲಿಯಾಗಿ ಹೊಳೆದರೆ ಹಳೆಯ ಪುಡಿಯ ಬಣ್ಣ ಇನ್ನೂ ಅದರಲ್ಲಿದೆ ಎಂದರ್ಥ. ಅದು ಕಳಚುತ್ತಾ ಹೋದಂತೆ ಹತ್ತಿಯ ಸಹಜ ಕೆನೆಬಣ್ಣ ಕಾಣಿಸುತ್ತದೆ. ನಿಜವಾಗಿಯೂ ಬೂದು ಬಣ್ಣ ಬಂದಿದ್ದರೆ ಅದು ಸುಣ್ಣ, ಸೋಪಿನ ಪದರ. ಅದಕ್ಕೆ ನಿಂಬೆ ಉಪ್ಪು ಬೇಕು.

ನಿಂಬೆ ಉಪ್ಪು ಎಂದು ಕಿರಾಣಿ ಅಂಗಡಿಯಲ್ಲಿ ಸಿಗುವುದು ಸಿಟ್ರಿಕ್ ಆಮ್ಲ. ಟವೆಲ್, ಬಿಳಿ ಹತ್ತಿ ಬಟ್ಟೆಗಳನ್ನು ಮೊದಲು ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಆಮೇಲೆ ಒಂದು ಬಕೆಟ್ ನೀರಿಗೆ ಎರಡು ಟೀ ಚಮಚ ನಿಂಬೆ ಉಪ್ಪು ಕರಗಿಸಿ ಅರ್ಧ ಗಂಟೆ ಮುಳುಗಿಸಿಡಿ, ಮತ್ತೆ ಜಾಲಿಸಿ. ಒಂದೆರಡು ಸಲ ಹೀಗೆ ಮಾಡಿದರೆ ಟವೆಲ್ ಮೆತ್ತಗಾಗುತ್ತದೆ. ಆಮೇಲೆ ವಾರಕ್ಕೊಮ್ಮೆ ಕೊನೆಯ ನೀರಿಗೆ ಅರ್ಧ ಚಮಚ ಹಾಕಿದರೆ ಸಾಕು. ಬಟ್ಟೆ ಮೆತ್ತಗಾಗಿಸುವ ಸುವಾಸನೆಯ ದ್ರಾವಣದ ಅಗತ್ಯವೇ ಬೀಳುವುದಿಲ್ಲ. ಆ ದ್ರಾವಣ ನೂಲಿನ ಮೇಲೆ ಜಿಡ್ಡಿನ ಪದರ ಹಚ್ಚಿ ಮೆತ್ತಗೆ ಮಾಡುತ್ತದೆ. ಟವೆಲ್ ನೀರು ಹೀರುವುದನ್ನು ಬಿಡುತ್ತದೆ. ಮಗುವಿನ ಬಟ್ಟೆಗಂತೂ ಬೇಡವೇ ಬೇಡ.

ಅಡುಗೆ ಸೋಡಾ, ವಿನೆಗರ್ ಕೂಡಿಸುವ ಸಲಹೆಯನ್ನು ಕೈಬಿಡಿ. ಕ್ಷಾರವೂ ಆಮ್ಲವೂ ಒಂದನ್ನೊಂದು ಕೊಂದು ಬುಸ್ ಎಂದು ಗಾಳಿ ಬಿಡುತ್ತವೆ. ಉಳಿಯುವುದು ಯಾವ ಕೊಳೆಯನ್ನೂ ತೆಗೆಯದ ಉಪ್ಪುನೀರು. ಕ್ಷಾರ ಒಗೆಯುವಾಗ, ಆಮ್ಲ ಜಾಲಿಸುವಾಗ, ನಡುವೆ ಬರೀ ನೀರು. ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ: ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರಾವಣಕ್ಕೆ ನಿಂಬೆ ಉಪ್ಪನ್ನಾಗಲಿ, ವಿನೆಗರನ್ನಾಗಲಿ, ಬಚ್ಚಲು ತೊಳೆಯುವ ಆಸಿಡ್ಡನ್ನಾಗಲಿ ಎಂದೂ ಸೇರಿಸಬೇಡಿ. ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಉಸಿರಿಗೇ ಕುತ್ತು.

ಯಜಮಾನರ ಬಟ್ಟೆಯ ವಿಷಯದಲ್ಲಿ ನಾನು ನಿಮಗೆ ಸಿಹಿಯಾದ ಉತ್ತರ ಕೊಡಲಾರೆ. ಕಾರ್ಖಾನೆಯ ಕಪ್ಪು ಎಂದರೆ ಇದ್ದಿಲಿನ ನುಣುಪು ಕಣ, ಕಬ್ಬಿಣದ ಆಕ್ಸೈಡ್, ಯಂತ್ರದ ಎಣ್ಣೆ. ಇದ್ದಿಲು ಯಾವುದರಲ್ಲೂ ಕರಗುವುದಿಲ್ಲ. ಅದನ್ನು ನೂಲಿನಿಂದ ಎಬ್ಬಿಸಿ ನೀರಿನಲ್ಲಿ ತೇಲಿಸಿಡಬೇಕು, ಮತ್ತೆ ಕೂರದಂತೆ ನೋಡಿಕೊಳ್ಳಬೇಕು. ಅಂಟವಾಳಕ್ಕೆ ಅಷ್ಟು ಬಲವಿಲ್ಲ. ಇಲ್ಲಿ ಸುಗಂಧವಿಲ್ಲದ ಡಿಟರ್ಜೆಂಟ್ ಬಳಸಿ, ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ಹಾಕಬೇಡಿ, ಅಷ್ಟೇ. ಮನೆಯ ಒಗೆತವನ್ನೆಲ್ಲ ಒಂದೇ ವಸ್ತುವಿನಿಂದ ನಡೆಸಬೇಕೆಂಬ ಹಟವೇ ಎಷ್ಟೋ ಜನರನ್ನು ಈ ದಾರಿಯಿಂದ ಹಿಂದಕ್ಕೆ ತಳ್ಳಿದೆ. ಆ ಬಟ್ಟೆಗಳನ್ನು ಮನೆಯೊಳಗೆ ಕೊಡವಬೇಡಿ, ಮಗುವಿನ ಬಟ್ಟೆಯ ಜೊತೆ ಒಂದೇ ಬುಟ್ಟಿಯಲ್ಲಿ ಹಾಕಬೇಡಿ. ಅವರು ಬಂದ ಕೂಡಲೇ ಹಿತ್ತಲಲ್ಲೇ ಬಿಚ್ಚಿ ನೇರವಾಗಿ ನೀರಿಗೆ ಮುಳುಗಿಸಿ, ಆ ಮೊದಲ ಕಪ್ಪು ನೀರನ್ನು ಚೆಲ್ಲಿ, ಆಮೇಲೆ ಪುಡಿ ಹಾಕಿ ನೆನೆಸಲಿ. ಹೊಲದಲ್ಲಿ ಹತ್ತಿಗೆ ಔಷಧಿ ಹೊಡೆದು ಬಂದವರ ಬಟ್ಟೆಗೂ ಇದೇ ಕ್ರಮ. ರಾಯಚೂರು, ಸಿಂಧನೂರು ಕಡೆಯ ಓದುಗರು ಇದನ್ನು ಗಮನಿಸಬೇಕು. ಕೀಟನಾಶಕ ಹಿಡಿದ ಬಟ್ಟೆ ಯಂತ್ರದಲ್ಲೂ ಬೇರೆಯಾಗಿಯೇ ತಿರುಗಲಿ, ಮುಟ್ಟುವವರು ಕೈಗವಸು ಹಾಕಿಕೊಳ್ಳಲಿ.

ಕಬ್ಬಿಣದ ತುಕ್ಕಿನ ಕಲೆ ಇದ್ದರೆ ಬ್ಲೀಚ್ ಹಾಕಬೇಡಿ. ಕಲೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಆಮ್ಲಜನಕ ಬಿಡುವ ‘ಆಕ್ಸಿ’ ಬಗೆಯ ಪುಡಿಗಳೂ ಬೇಡ. ಕಬ್ಬಿಣ ಇರುವ ಕಡೆ ಅವು ನೂಲನ್ನೇ ತಿಂದು ತೂತು ಮಾಡಬಲ್ಲವು. ನಿಂಬೆ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಕಲಸಿ ಕಲೆಯ ಮೇಲೆ ಹಚ್ಚಿ, ಒಣಗಲು ಬಿಡದೆ ಒಂದು ಗಂಟೆ ಇಟ್ಟು ತೊಳೆಯಿರಿ. ಸಂಡೂರು ಕಡೆಯ ಅದಿರಿನ ಕೆಂದೂಳು ಹಾಗಲ್ಲ, ಅದು ಒಣಗಿದ್ದಾಗ ಬ್ರಷ್ಷಿನಿಂದ ಉಜ್ಜಿದರೆ ಬಹುಪಾಲು ಹೋಗುತ್ತದೆ. ಒದ್ದೆ ಮಾಡಿ ಉಜ್ಜಿದರೆ ಒಳಗೆ ಇಳಿಯುತ್ತದೆ. ಬ್ರಷ್ಷಿನ ಕೆಲಸವನ್ನು ಗಾಳಿಗೆ ಬೆನ್ನು ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೇ ಮಾಡಬೇಕು. ಅರಿಶಿನದ ಕಲೆಗೆ ಬಿಸಿಲೇ ಮದ್ದು. ಸೋಪು ಹಚ್ಚಿದಾಗ ಕೆಂಪಾಯಿತೆಂದು ಗಾಬರಿಯಾಗಬೇಡಿ, ಕ್ಷಾರ ತಾಗಿದರೆ ಅರಿಶಿನ ಹಾಗೆ ಬಣ್ಣ ತಿರುಗುತ್ತದೆ. ರಕ್ತದ ಕಲೆಗೆ ತಣ್ಣೀರು ಮಾತ್ರ. ಮುಟ್ಟಿನ ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿ, ಒಗೆದು, ನೇರ ಬಿಸಿಲಿಗೆ ಹಾಕಿ. ಅದನ್ನು ಕತ್ತಲೆ ಮೂಲೆಯಲ್ಲಿ ಸೀರೆಯ ಅಡಿ ಬಚ್ಚಿಟ್ಟು ಒಣಗಿಸುವ ಪದ್ಧತಿ ಇನ್ನು ಸಾಕು. ನಮ್ಮ ಏಪ್ರಿಲ್‌ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂತಹ ಬಿಸಿಲನ್ನು ಬಿಟ್ಟು ಕ್ರಿಮಿನಾಶಕ ದ್ರಾವಣಕ್ಕೆ ಹಣ ಸುರಿಯುವುದೇಕೆ?

ಇಳಕಲ್ ಸೀರೆಗೆ ಅಂಟವಾಳ ಹೇಳಿ ಮಾಡಿಸಿದ್ದು. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿ ಇದ್ದರೂ ಸೆರಗು ರೇಷ್ಮೆ. ಹತ್ತಿ ಕ್ಷಾರವನ್ನು ತಡೆಯುತ್ತದೆ, ರೇಷ್ಮೆ ತಡೆಯುವುದಿಲ್ಲ. ಒಗೆಯುವ ಸೋಡಾ, ಬೂದಿ ನೀರು, ಸಾಮಾನ್ಯ ಬಟ್ಟೆ ಸೋಪು ಮೂರೂ ರೇಷ್ಮೆಯ ಹೊಳಪನ್ನು ಕೊಲ್ಲುತ್ತವೆ. ಅಂಟವಾಳದ ರಸ ತುಸು ಹುಳಿ ಗುಣದ್ದು, ರೇಷ್ಮೆಗೆ ಅದು ಒಗ್ಗುತ್ತದೆ. ಮೊದಲು ಸೆರಗಿನ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಕೆಂಪು ಹತ್ತಿದರೆ ಮನೆಯಲ್ಲಿ ಒಗೆಯುವ ಸಾಹಸ ಬೇಡ. ಉಪ್ಪಿನಲ್ಲೋ ವಿನೆಗರ್‌ನಲ್ಲೋ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎನ್ನುವುದನ್ನು ನಂಬಬೇಡಿ. ಬಣ್ಣ ನಿಲ್ಲುವುದು ಬಿಡುವುದು ಬಣ್ಣದ ಮನೆಯಲ್ಲೇ ತೀರ್ಮಾನವಾಗಿರುತ್ತದೆ. ಹತ್ತದಿದ್ದರೆ ತಣ್ಣೀರಿಗೆ ಅಂಟವಾಳದ ರಸ ಹಾಕಿ ಐದು ನಿಮಿಷ ಅದ್ದಿ, ಹಿಂಡದೆ ಎತ್ತಿ ನೆರಳಲ್ಲಿ ಹರವಿ.

ಒಗೆದ ನೀರಿನ ಬಗ್ಗೆ ನಮ್ಮ ಭಾಗದವರು ಬೇರೆಯವರಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಎರೆ ಮಣ್ಣಿಗೆ ಸೋಡಿಯಂ ಶತ್ರು. ಅದು ಮಣ್ಣಿನ ಜೇಡಿಕಣಗಳನ್ನು ಬಿಡಿಬಿಡಿ ಮಾಡುತ್ತದೆ, ನೀರು ಇಂಗುವುದು ನಿಲ್ಲುತ್ತದೆ, ನೆಲ ಸವಳಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಎಷ್ಟೋ ಹೊಲಗಳು ಸವಳು ಬಿದ್ದಿರುವುದನ್ನು ನೀವೇ ನೋಡಿದ್ದೀರಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂತಹ ಮಣ್ಣಿನ ಮೇಲೆಯೇ ಕೆಲಸ ನಡೆಯುತ್ತದೆ. ಆದ್ದರಿಂದ ಸೋಡಾ ಅಥವಾ ಪುಡಿ ಹಾಕಿದ ನೀರನ್ನು ಕರಿಬೇವಿಗೆ, ದಾಸವಾಳಕ್ಕೆ ಬಿಡಬೇಡಿ, ಇಂಗುಗುಂಡಿಗೆ ಹೋಗಲಿ. ಸೋಡಾ ಇಲ್ಲದೆ ಅಂಟವಾಳದಿಂದ ಮಾತ್ರ ಒಗೆದ ನೀರನ್ನು ಗಿಡಕ್ಕೆ ಹಾಕಬಹುದು. ಒಂದೇ ಗಿಡಕ್ಕೆ ದಿನವೂ ಬೇಡ, ಸರದಿಯಲ್ಲಿ ಹಾಕಿ.

ಇನ್ನು ನಾದಿನಿಯ ಮಗುವಿನ ಬಟ್ಟೆ. ನಿಮ್ಮ ಪ್ರಶ್ನೆಗಳಲ್ಲಿ ಇದೇ ಅತಿ ಮುಖ್ಯವಾದದ್ದು. ನೀವು ಹೇಳಿದ ನುಸಿಗುಳಿಗೆ ನ್ಯಾಫ್ತಲೀನ್ ಆಗಿದ್ದರೆ ಅದರ ಆವಿ ಬಟ್ಟೆಯ ಎಳೆಗಳಲ್ಲಿ ಸೇರಿಕೊಂಡಿರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಲ್ಲಿ ಈ ಆವಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಕಾಮಾಲೆ ತೀವ್ರವಾಗುತ್ತದೆ. ಆ ಕೊರತೆ ಇದೆಯೋ ಇಲ್ಲವೋ ಹುಟ್ಟುವ ಮೊದಲು ನಮಗೆ ತಿಳಿಯುವುದಿಲ್ಲ. ಆದ್ದರಿಂದ ಟ್ರಂಕನ್ನು ಇವತ್ತೇ ತೆರೆದು ಗುಳಿಗೆಗಳನ್ನು ಹೊರಹಾಕಿ. ಬರೀ ಒಗೆದರೆ ಸಾಲದು, ನ್ಯಾಫ್ತಲೀನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಅದು ಶಾಖಕ್ಕೆ, ಗಾಳಿಗೆ ಹಾರಿ ಹೋಗುವ ವಸ್ತು. ಕುಂಚಿಗೆ, ಕುಲಾವಿ, ತೊಟ್ಟಿಲ ಬಟ್ಟೆ, ಕೌದಿ ಎಲ್ಲವನ್ನೂ ಮೊದಲು ಹಲವು ದಿನ ಬಿಸಿಲಲ್ಲಿ ಹರವಿ, ಆಮೇಲೆ ಬಿಸಿನೀರಿನಲ್ಲಿ ಒಗೆಯಿರಿ, ಮತ್ತೆ ಬಿಸಿಲಿಗೆ ಹಾಕಿ. ಮೂಗಿಗೆ ಹಿಡಿದಾಗ ಗುಳಿಗೆಯ ವಾಸನೆ ಸ್ವಲ್ಪವೇ ಬಂದರೂ ಅದನ್ನು ಮಗುವಿಗೆ ತೊಡಿಸಬೇಡಿ, ಹೊದಿಸಬೇಡಿ. ಕೌದಿಯ ಒಳಪದರಗಳಲ್ಲಿ ವಾಸನೆ ಬೇಗ ಹೋಗುವುದಿಲ್ಲ, ಹೊಸದನ್ನು ಹೊಲಿಸುವುದೇ ಲೇಸು. ಟ್ರಂಕನ್ನೂ ತೊಳೆದು ಬಾಯಿ ತೆರೆದು ಬಿಸಿಲಿಗಿಡಿ. ಮುಂದೆ ಬಟ್ಟೆ ಇಡುವಾಗ ಪೂರ್ತಿ ಒಣಗಿಸಿ, ಒಣ ಬೇವಿನ ಸೊಪ್ಪು ಹಾಕಿ, ಮೂರು ತಿಂಗಳಿಗೊಮ್ಮೆ ತೆಗೆದು ಕೊಡವಿ ಬಿಸಿಲು ತೋರಿಸಿ. ಬೇವು ನುಸಿಗುಳಿಗೆಯಷ್ಟು ಬಲವಲ್ಲ, ಹಾಗಾಗಿ ಈ ಕೊಡವುವುದನ್ನು ತಪ್ಪಿಸಬಾರದು. ಮಗು ಹುಟ್ಟಿದ ಮೇಲೆ ಕಣ್ಣು, ಮೈ ಹಳದಿಯಾಗುತ್ತಿದ್ದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಹಾಲು ಕುಡಿಯಲು ಮಂಕಾದರೆ ಎಳೆಬಿಸಿಲಿಗೆ ಹಿಡಿದು ಕಾಯಬೇಡಿ. ಅಂದೇ ಮಕ್ಕಳ ವೈದ್ಯರ ಬಳಿ ಕರೆದೊಯ್ಯಿರಿ, ಟ್ರಂಕಿನಲ್ಲಿ ಗುಳಿಗೆ ಇತ್ತು ಎಂಬುದನ್ನೂ ಮರೆಯದೆ ಅವರಿಗೆ ತಿಳಿಸಿ.